ಬೇಡ ಅನ್ನುವ ಡಬ್ಬಿ

ಮಹಾನಂದಾ ಅಕ್ಕ ಯಾರನ್ನಾದರೂ ಬೈಯುವಾಗ ತಮಗಿಲ್ಲದ ಬೆರಳನ್ನು ತೋರಿಸಿ ಬೈಯುತ್ತಿದ್ದರು. ಬಲಗೈಯ ತೋರುಬೆರಳು ಬುಡದ ಗೆಣ್ಣಿನವರೆಗೆ ಹೋಗಿತ್ತು, ನಡುಬೆರಳು ಅರ್ಧ ಉಳಿದಿತ್ತು. ಎಡಗೈ ನೆಟ್ಟಗೇ ಇತ್ತು, ಬೇಕಿದ್ದರೆ ಅದನ್ನು ಎತ್ತಬಹುದಿತ್ತು. ಎತ್ತುತ್ತಿರಲಿಲ್ಲ. ಆ ಮೋಟನ್ನೇ ಎದುರಿಗಿದ್ದವರ ಮೂಗಿನ ನೇರಕ್ಕೆ ಹಿಡಿಯುತ್ತಿದ್ದರು. ಎಂಟು ಜನ ಸಾಲಾಗಿ ನಿಂತಿದ್ದರೂ ಆ ಬೆರಳು ಯಾರ ಕಡೆಗಿದೆ ಎಂಬ ಅನುಮಾನ ಒಬ್ಬರಿಗೂ ಬರುತ್ತಿರಲಿಲ್ಲ. ನನ್ನ ಕಡೆಗೂ ಅದು ಒಮ್ಮೆ ತಿರುಗಿತು. ಆ ದಿನದ ಮಾತು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ಮೊದಲು ಅವರು ಯಾರೆಂದು ಹೇಳಬೇಕು.

ನಾಸಿಕದ ಅಂಬಡ್‌ನಲ್ಲಿ ತಗಡು ಒತ್ತಿ ವಾಹನಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ. ಆರು ಪವರ್ ಪ್ರೆಸ್ಸುಗಳು, ಅವುಗಳ ಮುಂದೆ ಸ್ಟೂಲು ಹಾಕಿಕೊಂಡು ಕೂತ ಆರು ಹೆಂಗಸರು. ಕೆಳಗೆ ಡೈ ಎಂಬ ಅಚ್ಚು, ಮೇಲೆ ಪಂಚ್ ಎಂಬ ಗುದ್ದು. ತಗಡಿನ ತುಂಡನ್ನು ಕೈಯಿಂದ ಅಚ್ಚಿನ ಮೇಲಿಟ್ಟು, ಕೈ ಹಿಂದೆಳೆದುಕೊಂಡು, ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನಿಂದ ಹಲವು ಟನ್ನಿನ ಭಾರ ಬಂದು ಕೂರುತ್ತದೆ. ಇಡೀ ದಿನ ಅದೇ: ಇಡು, ಎಳೆದುಕೋ, ಒತ್ತು. ನಾನು ಗದಗದವನು. ಡಿಪ್ಲೊಮಾ ಮುಗಿಸಿ, ಎರಡು ಊರು ಸುತ್ತಿ, ಅಲ್ಲಿ ಮೇಂಟೆನೆನ್ಸ್ ಇಂಜಿನಿಯರ್ ಆಗಿ ಸೇರಿದ್ದೆ. ಅಕ್ಕ ಸ್ಟೋರ್ ನೋಡಿಕೊಳ್ಳುತ್ತಿದ್ದರು.

ಸೇರಿದ ಮೊದಲ ವಾರ ಸ್ಟೋರಿನ ಕಿಟಕಿಗೆ ಹೋಗಿ, ಬಸ್ಸಿನಲ್ಲಿ ಕಲಿತ ಮರಾಠಿಯಲ್ಲಿ ಒಂದು ಬೇರಿಂಗ್ ಕೇಳಿದೆ. ಒಳಗಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕನ್ನಡದಲ್ಲಿ ಅಂದರು: "ನಿಮ್ಮ ಮರಾಠಿ ಕೇಳಿ ಬೇರಿಂಗಿಗೇ ತುಕ್ಕು ಹಿಡೀತದ. ಯಾ ಊರ್ರಿ ನಿಮ್ದು?"

"ಗದಗ ರೀ. ಕನ್ನಡ ಮಾತಾಡಾಕತ್ತೀರಲ್ಲ ನೀವು!"

"ಮಾತಾಡ್ಲತ್ತೀನಿ. ಮಾತಾಡಾಕತ್ತೀನಿ ಅಲ್ಲ. ನಮ್ಮದು ಭಾಲ್ಕಿ ಕಡಿ." ಬೇರಿಂಗನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಆಗಲೇ ಆ ಕೈ ಕಂಡದ್ದು. ನಾನು ನೋಡಿ ತಕ್ಷಣ ಕಣ್ಣು ಬೇರೆ ಕಡೆ ಹೊರಳಿಸಿದೆ. "ನೋಡ್ರಿ, ನೋಡ್ರಿ," ಅಂದರು, "ನೋಡಿದ್ರ ಇನ್ನೇನ್ ಸವೆಯಂಗಿಲ್ಲ."

ಬೆರಳು ಹೋದದ್ದು ಬೇರೊಂದು ಕಾರ್ಖಾನೆಯಲ್ಲಿ, ಬಹಳ ಹಿಂದೆ, ಇಂಥದೇ ಪ್ರೆಸ್ಸಿನಲ್ಲಿ. ಆ ಕಥೆಯನ್ನು ಅವರು ಅಳುತ್ತಾ ಹೇಳಿದ್ದು ನಾನು ಕೇಳಿಲ್ಲ. "ಪೆಡಲ್ ಮ್ಯಾಲಿನ ಕಾಲು ನಂದೇ. ತಗಡ ಸರಿ ಮಾಡ್ಲತ್ತಿದ್ದ ಕೈನೂ ನಂದೇ. ಎರಡರ ನಡುವ 'ತಡಿ' ಅನ್ನಾವ್ರು ಯಾರೂ ಇರ್ಲಿಲ್ಲ, ಅಷ್ಟೇ." ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಆ ಕಾರ್ಖಾನೆಯವರು ಒಂದು ಕಾಗದ ತಂದರಂತೆ. ಅಪಘಾತಕ್ಕೆ ಕಾರಣ ಕೆಲಸದವಳ ನಿರ್ಲಕ್ಷ್ಯ ಎಂದು ಅದರಲ್ಲಿ ಬರೆದಿತ್ತು. "ಎಡಗೈ ಹೆಬ್ಬೆಟ್ಟು ಒತ್ತು ಅಂದ್ರು. ನಾ ಹತ್ತನೇತ್ತಾ ಪಾಸಾಗೀನಿ, ನನಗ ಸಹಿ ಬರ್ತದ ಅಂದೆ. ಹಾಂಗಾದ್ರ ಸಹಿ ಮಾಡು ಅಂದ್ರು. ಬರ್ತದ, ಆದ್ರ ಮಾಡಂಗಿಲ್ಲ ಅಂದೆ." ಇದನ್ನು ಹೇಳುವಾಗಲೆಲ್ಲ ಅವರ ಮುಖ ಮದುವೆಮನೆಯ ಸುದ್ದಿ ಹೇಳುವವರ ಮುಖದಂತೆ ಅರಳುತ್ತಿತ್ತು. ಬೆರಳಿಗಿಂತ ಆ ಸಹಿ ಉಳಿದದ್ದು ಅವರಿಗೆ ದೊಡ್ಡ ಮಾತು.

ಅವರ ಗಂಡ ಟೆಂಪೋ ಓಡಿಸುತ್ತಿದ್ದರು, ಬಹಳ ಮಿತಭಾಷಿ. ಒಬ್ಬಳೇ ಮಗಳು ಸುಷ್ಮಾ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದಳು. ತಾಯಿ ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಅವಳ ಕಾಲೇಜಿನ ಪ್ರಾಜೆಕ್ಟಿಗೆಂದು ಮನೆಗೆ ಒಂದು ಪುಟ್ಟ ಕಂಪ್ಯೂಟರ್ ಬಂತು. ಅಂಗೈಯಗಲದ ಒಂದೇ ಹಸಿರು ಹಲಗೆ, ಅದರ ಒಂದು ಅಂಚಿಗೆ ಎರಡು ಸಾಲಾಗಿ ನೆಟ್ಟ ನಲವತ್ತು ಪಿನ್ನು. ಸುಷ್ಮಾ ಒಂದು ಪಿನ್ನಿಗೆ ಸಣ್ಣ ದೀಪ ಸಿಕ್ಕಿಸಿ, ನಾಲ್ಕು ಸಾಲು ಪ್ರೋಗ್ರಾಂ ಬರೆದು, ಅದನ್ನು ಹತ್ತಿಸಿ ಆರಿಸಿ ತೋರಿಸಿದಳು. ಮರುದಿನ ಊಟದ ಹೊತ್ತಿಗೆ ಅಕ್ಕ ನನಗೆ ಆ ಕಥೆ ಹೇಳಿದರು.

"ದೀಪ ಹತ್ತಸಲಿಕ್ಕ ಗ್ವಾಡಿ ಮ್ಯಾಲ ಬಟನ್ ಅದಲ್ಲಾ, ಇದಕ್ಯಾಕ ಕಂಪ್ಯೂಟರ್ ಅಂದೆ. ಅದಕ ಆಕಿ, ಈ ಪಿನ್ನು ಮಾತಾಡೋದಷ್ಟೇ ಅಲ್ಲ, ಕೇಳ್ತದ ಭೀ ಅಂದ್ಳು. ಬಟನ್ ಒತ್ತಿದ್ರೋ ಇಲ್ಲೋ, ಎದುರಿಗಿ ಏನರೆ ಬಂತೋ ಇಲ್ಲೋ, ಕೇಳ್ತದಂತ. ಖರೆ ಏನ್ರಿ?"

"ಖರೇನ ಅಕ್ಕಾರ. ಔಟ್‌ಪುಟ್ ಅಂತ ಹೇಳಿದ್ರ ಮಾತಾಡತೈತಿ, ಇನ್‌ಪುಟ್ ಅಂತ ಹೇಳಿದ್ರ ಕೇಳತೈತಿ."

"ಅಂದ್ರ ಅದೇ ಬಾಯಿ, ಅದೇ ಕಿವಿ. ಯಾವಾಗ ಯಾವ್ದು ಅಂತ ನಾವು ಹೇಳಬೇಕು." ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಹಾಂಗಾದ್ರ ಅದು 'ಅಚ್ಚಿನಾಗ ಕೈ ಅದಾ ಏನು' ಅಂತ ಭೀ ಕೇಳಬೌದಲ್ರಿ?"

ಎರಡು ದಿನ ಬಿಟ್ಟು ಬಂದು, ಸ್ಕ್ರಾಪಿನ ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಬೆಳಕಿನ ಸೆನ್ಸರ್‌ಗಳನ್ನು ಕೇಳಿ ಒಯ್ದರು. ಒಂದು ಕಡೆಯಿಂದ ಬೆಳಕಿನ ಎಳೆ ಹೊರಟು ಇನ್ನೊಂದು ಕಡೆಯ ಕಣ್ಣಿಗೆ ತಲುಪುತ್ತದೆ, ನಡುವೆ ಏನಾದರೂ ಬಂದರೆ ಕಣ್ಣು ಕತ್ತಲಾಗುತ್ತದೆ. ಮೂರು ಜೋಡಿ ಸಿಕ್ಕವು. ಮನೆಯ ಹವ್ಯಾಸಕ್ಕಿರಬೇಕು ಅಂದುಕೊಂಡು ನಾನು ಮರೆತೆ.

ಸೋಮವಾರ ಬೆಳಿಗ್ಗೆ ಸ್ಟೋರಿನ ಕಿಟಕಿಯಲ್ಲಿ ಸುಟ್ಟ ವಾಸನೆಯ ಒಂದು ಹಸಿರು ಹಲಗೆ ನನಗಾಗಿ ಕಾದಿತ್ತು. ಕಾರ್ಖಾನೆಯ ಸೆನ್ಸರ್ ಇಪ್ಪತ್ನಾಲ್ಕು ವೋಲ್ಟಿನದು, ಆ ಪಿನ್ನು ತಡೆಯುವುದು ಮೂರು ಚಿಲ್ಲರೆ ವೋಲ್ಟು. ಅಕ್ಕ ನೇರವಾಗಿ ಜೋಡಿಸಿದ್ದರು. ಮಗಳ ಪ್ರಾಜೆಕ್ಟು ಹೊಗೆಯಾಗಿತ್ತು. "ಸುಷ್ಮಾ ಮಾತ್ ಬಿಟ್ಟಾಳ್ರಿ," ಅಂದರು. "ಹೊಸಾದು ತಂದ್ಕೊಡ್ತೀನಿ ಅಂದೀನಿ. ತಂದ್ಕೊಡೂದೇ ಅಲ್ಲ, ಕೆಲಸ ಮಾಡ್ಸೇ ತೋರಿಸ್ತೀನಿ. ಎಲ್ಲಿ ತಪ್ಪಾಗ್ಯದ ಹೇಳ್ರಿ."

ನಾನು ಆಪ್ಟೊ-ಕಪ್ಲರ್ ಎಂಬ ಸಣ್ಣ ಕಪ್ಪು ಚಿಪ್ಪನ್ನು ಕೊಟ್ಟು, ಅದರೊಳಗೆ ಒಂದು ದೀಪ ಮತ್ತು ಒಂದು ಕಣ್ಣು ಇರುತ್ತವೆ, ಈ ಕಡೆಯ ಕರೆಂಟು ಆ ಕಡೆಗೆ ಮುಟ್ಟದೆ ಸುದ್ದಿಯಷ್ಟೇ ದಾಟುತ್ತದೆ ಎಂದು ವಿವರಿಸಿದೆ. ಅಕ್ಕ ಅದಕ್ಕೆ ಕಿಟಕಿ ಎಂದು ಹೆಸರಿಟ್ಟರು. ಹೊಸ ಹಲಗೆ ತಂದ ಮೇಲೆ ಒಂದು ದಿನ ಓಡಿಬಂದು, "ಸಾಹೇಬ್ರ, ಇದಕ ದೆವ್ವ ಹಿಡದದ. ಏನೂ ಜೋಡಿಸಿಲ್ಲ, ಆದ್ರೂ ಕೈ ಅದಾ ಅಂತದ, ಇಲ್ಲ ಅಂತದ, ಮತ್ತ ಅದಾ ಅಂತದ," ಅಂದರು. ಯಾವ ಕಡೆಗೂ ಕಟ್ಟದ ಪಿನ್ನು ಗಾಳಿಯಲ್ಲಿರುವ ಕರೆಂಟನ್ನೆಲ್ಲ ಕೇಳಿಸಿಕೊಂಡು ಬಾಯಿಗೆ ಬಂದದ್ದು ಹೇಳುತ್ತದೆ, ಒಂದು ರೆಸಿಸ್ಟರ್ ಹಾಕಿ ಅದನ್ನು ಒಂದು ಕಡೆಗೆ ಕಟ್ಟಬೇಕು ಅಂದೆ. "ನಮ್ಮ ಸೂಪರ್ವೈಸರ್‌ನಂಗ," ಅಂದು ನಕ್ಕು ರೆಸಿಸ್ಟರ್ ಒಯ್ದರು.

ಮುಂದಿನ ನಾಲ್ಕು ತಿಂಗಳು ನಮ್ಮ ಊಟದ ಹೊತ್ತು ಇದರಲ್ಲೇ ಕಳೆಯಿತು. ಪ್ರೋಗ್ರಾಂ ಸುಷ್ಮಾ ಬರೆಯುತ್ತಿದ್ದಳು, ವೈರಿನ ಕೆಲಸ ಅಕ್ಕನದು, ಪ್ರಶ್ನೆಗಳೆಲ್ಲ ನನಗೆ. ಒಂದು ವಿಷಯದಲ್ಲಿ ಮಾತ್ರ ಅವರು ನನ್ನ ಮಾತಿಗೂ ಜಗ್ಗಲಿಲ್ಲ. ಬೆಳಕು ಕಡಿದಾಗ ಪ್ರೆಸ್ ನಿಲ್ಲಿಸಿದರೆ ಸಾಕು ಎಂದು ನಾನು. ಅಲ್ಲ ಎಂದು ಅವರು. "ವೈರ್ ಹರೀತು ಅಂದ್ರ? ಸೆನ್ಸರ್ ಸುಟ್ಟಿತು ಅಂದ್ರ? ಬೆಳಕು ಮೂರೂ ಚಂದಾಗಿ ಕಾಣ್ಲತ್ತಾವ ಅಂದ್ರ ಮಾತ್ರ ಹೂಂ. ಉಳದದ್ದೆಲ್ಲಾ ಬ್ಯಾಡ." ಸರಿ, ಹಾಗೇ ಜೋಡಿಸಿದೆವು. ಆಗ ನಾನೇ ಕೇಳಿದೆ: ಕಂಪ್ಯೂಟರೇ 'ಹೂಂ' ಅಂದುಕೊಂಡು ಹಾಗೇ ಕಲ್ಲಾಗಿ ನಿಂತುಬಿಟ್ಟರೆ? ಪಿನ್ನು 'ಹೂಂ' ಅನ್ನುತ್ತಲೇ ಉಳಿಯುತ್ತದೆ, ಪೆಡಲಿನ ಕರೆಂಟನ್ನು ಪ್ರೆಸ್ಸಿಗೆ ದಾಟಿಸುವ ರಿಲೇ ಎಂಬ ಸ್ವಿಚ್ಚು ಹಿಡಿದೇ ಇರುತ್ತದೆ, ಅಚ್ಚಿನಲ್ಲಿ ಕೈ ಇದ್ದರೂ ಪ್ರೆಸ್ ಇಳಿಯುತ್ತದೆ.

ಅಕ್ಕ ಹದಿನೈದು ದಿನ ಆ ಮಾತು ಎತ್ತಲಿಲ್ಲ. ಸೋತರೇನೋ ಅಂದುಕೊಂಡೆ. ಒಂದು ಮಧ್ಯಾಹ್ನ ಬಂದು ಹೇಳಿದರು: "ನಮ್ಮಪ್ಪನ ಸೈಕಲ್ಲಿಗಿ ಡೈನಮೋ ಇತ್ತು. ತುಳಿಯೋದು ನಿಂತ್ರ ದೀಪ ಆರ್ತಿತ್ತು. ಅಂಥಾದ್ ಮಾಡ್ಕೊಡ್ರಿ. ಈ ಪಿನ್ನು ಸುಮ್ಮ ಕೈ ಎತ್ತಿ ನಿಂತ್ರ ನಡೆಯಂಗಿಲ್ಲ. ತುಳೀತಾ ಇರಬೇಕು. ತುಳಿಯೋದು ಬಿಟ್ರ ರಿಲೇ ಬೀಳಬೇಕು."

ಡಿಪ್ಲೊಮಾದಲ್ಲಿ ನಾನು ಕಲಿತ, ಕಲಿತು ಮರೆತ ವಿದ್ಯೆ ಅದು. ಎರಡು ಕೆಪಾಸಿಟರ್, ಎರಡು ಡಯೋಡ್ ಹಾಕಿ ಮಾಡಿಕೊಟ್ಟೆ. ಪಿನ್ನಿನ ವೋಲ್ಟು ಒಂದೇ ಸಮನೆ ಏರಿಳಿಯುತ್ತಿದ್ದರೆ ಮಾತ್ರ ರಿಲೇಗೆ ಶಕ್ತಿ. ಪ್ರೋಗ್ರಾಮಿನಲ್ಲಿ ಸೆನ್ಸರ್ ನೋಡುವ ಸಾಲಿನ ಪಕ್ಕದಲ್ಲೇ ತುಳಿಯುವ ಸಾಲು. ನೋಡುವುದು ನಿಂತರೆ ತುಳಿಯುವುದೂ ನಿಲ್ಲುತ್ತದೆ. ಇಷ್ಟನ್ನೂ ಅಕ್ಕ ಗಂಡನ ಹಳೆಯ ಸ್ಟೀಲಿನ ಊಟದ ಡಬ್ಬಿಯೊಳಗೆ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಕೂರಿಸಿದರು. ಮೇಲೆ ಒಂದು ಹಸಿರು ದೀಪ, ಒಂದು ಕೆಂಪು ದೀಪ.

ನಮ್ಮ ಮಾಲೀಕರನ್ನು ಎಲ್ಲರೂ ಶೇಟ್ ಅನ್ನುತ್ತಿದ್ದರು. ಕೆಟ್ಟವರಲ್ಲ. ಎಲ್ಲರ ಮಕ್ಕಳ ಹೆಸರು ಅವರಿಗೆ ನೆನಪಿತ್ತು. ಆದರೆ ಪ್ರೆಸ್ಸುಗಳಿಗೆ ಅವನ್ನು ತಯಾರಿಸುವ ಕಂಪನಿಯಿಂದ ಬರುವ ಸುರಕ್ಷೆಯ ಸಾಮಾನು ಹಾಕಿಸಿ ಎಂದು ನಾನು ಎರಡು ಸಲ ಕೇಳಿದಾಗ ಎರಡು ಸಲವೂ 'ಮುಂದಿನ ವರ್ಷ' ಅಂದಿದ್ದರು. ಅಕ್ಕ ಅವರನ್ನು ನಾಲ್ಕನೇ ಪ್ರೆಸ್ಸಿನ ಮುಂದೆ ಕರೆದು ನಿಲ್ಲಿಸಿ, ಸೆರಗಿನಿಂದ ಒಂದು ಕೆಂಪು ಗಜ್ಜರಿ, ಅಂದರೆ ಕ್ಯಾರೆಟ್, ತೆಗೆದರು. ಡಬ್ಬಿ ಜೋಡಿಸುವ ಮೊದಲು ಗಜ್ಜರಿಯನ್ನು ಅಚ್ಚಿನ ಮೇಲಿಟ್ಟು ಪೆಡಲ್ ಒತ್ತಿದರು. ಅದು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ, ಶೇಟ್‌ರ ಅಂಗಿಯ ಮೇಲೆ ಎರಡು ಹನಿ ಬಿತ್ತು. ಡಬ್ಬಿ ಜೋಡಿಸಿ ಇನ್ನೊಂದು ಗಜ್ಜರಿ ಇಟ್ಟರು. ಕೆಂಪು ದೀಪ ಹತ್ತಿತು. ಪೆಡಲ್ ಮೇಲೆ ಎರಡೂ ಕಾಲಿಟ್ಟು ನಿಂತರು. ಪ್ರೆಸ್ ಕದಲಲಿಲ್ಲ.

"ಈ ಕಂಪ್ಯೂಟರ್ ಕೆಟ್ಟರೆ?" ಶೇಟ್ ಕೇಳಿದರು.

ಅಕ್ಕ ಡಬ್ಬಿಯ ವೈರನ್ನೇ ಕಿತ್ತು ಕೈಯಲ್ಲಿ ಹಿಡಿದರು. ದೀಪಗಳೆರಡೂ ಆರಿದವು. ಗಜ್ಜರಿ ತೆಗೆದು ಪೆಡಲ್ ಒತ್ತಿದರು, ಆಗಲೂ ಪ್ರೆಸ್ ಅಲುಗಲಿಲ್ಲ. ಮರಾಠಿಯಲ್ಲಿ ಅಂದದ್ದನ್ನು ಆಮೇಲೆ ನನಗೆ ಕನ್ನಡದಲ್ಲೂ ಹೇಳಿದರು: "ಸಾಯೋದಿದ್ರ ಸಾಯ್ಲಿ. ಬ್ಯಾಡ ಅಂತನೇ ಸಾಯ್ತದ."

ತಮಗೇನೂ ಖರ್ಚಿಲ್ಲವಲ್ಲ, ಇರಲಿ ಎಂದು ಶೇಟ್ ಒಪ್ಪಿದರು. ಕಂಪನಿಯ ಸಾಮಾನಿನ ಬದಲಿಗೆ ಇದು ಆಗದು ಎಂದು ಅಕ್ಕನಿಗೂ ಗೊತ್ತಿತ್ತು. "ಅದು ಬರೋ ತನಕ ಕೈ ಕಾಯಬೇಕಲ್ರಿ," ಅನ್ನುತ್ತಿದ್ದರು. ನಾಲ್ಕನೇ ಪ್ರೆಸ್ ಶಬಾನಾಳದು. ಮಾಲೇಗಾಂವ್‌ನ ಹುಡುಗಿ, ತಂದೆ ಪವರ್‌ಲೂಮಿನಲ್ಲಿದ್ದವರು. ಆ ಪ್ರೆಸ್ ಎಲ್ಲಕ್ಕಿಂತ ಹಳೆಯದು, ತಗಡನ್ನು ಒಳಗಿನವರೆಗೆ ಕೈ ಚಾಚಿಯೇ ಇಡಬೇಕು. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅಕ್ಕ ಒಂದು ಕಟ್ಟಿಗೆಯ ಪಟ್ಟಿ ತಂದು, ಬೆಳಕಿಗೆ ಅಡ್ಡ ಹಿಡಿದು, ಪೆಡಲ್ ಒತ್ತಿ ನೋಡುತ್ತಿದ್ದರು. ಪ್ರೆಸ್ ಸುಮ್ಮನಿದ್ದರೆ ಶಬಾನಾಳ ಕಡೆ ತಲೆ ಆಡಿಸಿ ಸ್ಟೋರಿಗೆ ಹೋಗುತ್ತಿದ್ದರು.

ದೀಪಾವಳಿಗೆ ಮುಂಚೆ ದೊಡ್ಡ ಆರ್ಡರ್ ಬಂತು. ಕೈ ಪೂರ್ತಿ ಹೊರಗೆ ಬರುವವರೆಗೆ ಡಬ್ಬಿ ಬಿಡುವುದಿಲ್ಲ, ಅದರಿಂದ ನಾಲ್ಕನೇ ಪ್ರೆಸ್ಸಿನ ಮಾಲು ಉಳಿದವಕ್ಕಿಂತ ಕಡಿಮೆ. ಶೇಟ್ ನನ್ನನ್ನು ಆಫೀಸಿಗೆ ಕರೆದು, "ಒಂದು ತಿಂಗಳ ಮಟ್ಟಿಗೆ ಅದನ್ನು ಬೈಪಾಸ್ ಮಾಡಿ. ದೀಪ ಹತ್ತುತ್ತಿರಲಿ, ಬಾಯಿಗೆ ಹೇಳುವುದು ಬೇಡ," ಅಂದರು. ಬಾಯಿ ಅಂದರೆ ಮಹಾನಂದಾಬಾಯಿ.

ಆಗ ನನ್ನ ಮದುವೆ ನಿಶ್ಚಯವಾಗಿತ್ತು, ಕೆಲಸ ಬಿಡುವಂತಿರಲಿಲ್ಲ ಎಂದೆಲ್ಲ ಹೇಳಬಹುದು. ನಿಜ ಹೇಳಬೇಕೆಂದರೆ ನಾನು ಅಷ್ಟು ದೂರ ಯೋಚಿಸಲೇ ಇಲ್ಲ. ಸಂಜೆ ಎಲ್ಲರೂ ಹೋಗುತ್ತಿದ್ದಾಗ ಪ್ಯಾನೆಲ್ ತೆರೆದು, ರಿಲೇಯ ಎರಡು ತುದಿಗಳಿಗೆ ಒಂದು ನೀಲಿ ವೈರು ಜೋಡಿಸಿ ಮುಚ್ಚಿದೆ. ಎರಡು ನಿಮಿಷದ ಕೆಲಸ. ಇನ್ನು ಡಬ್ಬಿ ಬೇಡ ಅನ್ನಬಹುದು, ಪ್ರೆಸ್ಸಿಗೆ ಕೇಳಿಸುವುದಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಕ್ಕ ಪಟ್ಟಿ ಹಿಡಿದು ಬಂದರು. ಅವರು ದಿನಾ ನೋಡುತ್ತಾರೆಂದು ನನಗೆ ಗೊತ್ತಿಲ್ಲದೇ ಏನಿರಲಿಲ್ಲ. ಆದರೂ ನಾನು ಪಕ್ಕದ ಪ್ರೆಸ್ಸಿಗೆ ಎಣ್ಣೆ ಹಾಕುವ ನೆಪದಲ್ಲಿ ಬಗ್ಗಿ ನಿಂತಿದ್ದೆ. ಶಬಾನಾ ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಕೆಂಪು ದೀಪ ಹತ್ತಿತು, ಅಕ್ಕ ರೂಢಿಯಂತೆ ಪೆಡಲ್ ಒತ್ತಿದರು. ಪಂಚ್ ಧಡ್ ಎಂದು ಇಳಿಯಿತು. ಪಟ್ಟಿಯ ಅರ್ಧ ತುಂಡು ಹಾರಿ ನನ್ನ ಬೂಟಿನ ಹತ್ತಿರ ಬಿತ್ತು.

ಅಕ್ಕ ಮೇನ್ ಸ್ವಿಚ್ ಆರಿಸಿದರು. ಪ್ಯಾನೆಲ್ ತೆರೆದರು. ನೀಲಿ ವೈರನ್ನು ಬಿಚ್ಚಿ ಬೆಳಕಿಗೆ ಹಿಡಿದು, ಅದರ ತುದಿಗೆ ಒತ್ತಿದ್ದ ತಾಮ್ರದ ಲಗ್ ನೋಡಿದರು.

"ಇಷ್ಟ್ ಚಂದ ಲಗ್ ಹೊಡ್ಯಾವ್ರು ಈ ಕಾರ್ಖಾನಿದಾಗ ಒಬ್ರೇ ಅದಾರ," ಅಂದರು. ಆ ಇಲ್ಲದ ಬೆರಳು ನನ್ನ ಕಡೆಗೆ ಎದ್ದಿತು.

"ಶೇಟ್ ಹೇಳಿದ್ರು ಅಕ್ಕಾರ. ಒಂದ ತಿಂಗಳ ಮಟ್ಟಿಗೆ ಅಂತ..."

"ಶೇಟ್ ಹೇಳ್ಯಾರ. ಖರೆ. ಸ್ಕ್ರೂ ತಿರುವಿದ ಕೈ ಯಾರ್ದು?"

"ನಂದು."

"ಐದೂ ಬೆರಳು ಅವಲ್ರಿ ಅದಕ? ಬರ್ರಿ. ಇಡ್ರಿ ಇಲ್ಲಿ." ಅಚ್ಚಿನ ಮೇಲೆ ಕೈ ತಟ್ಟಿ ತೋರಿಸಿದರು. "ಮಶೀನ್ ಬಂದ್ ಅದ. ನಿಮ್ಮ ಕಣ್ಣೆದುರಿಗೇ ಬಂದ್ ಮಾಡೀನಿ. ಅಂಜಬ್ಯಾಡ್ರಿ."

ನಾನು ಹತ್ತಿರ ಹೋದೆ. ಕೈ ಎತ್ತಿದೆ. ಮೇನ್ ಆರಿದೆ, ಪಂಚ್ ಇಳಿಯಲಾರದು ಎಂದು ಆ ಜಾಗದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ನನ್ನ ಕೈ ಆ ಸಂದಿಯ ಅಂಚಿನವರೆಗೆ ಹೋಗಿ ನಿಂತಿತು. ಒಳಗೆ ಹೋಗಲಿಲ್ಲ.

"ಬಂದ್ ಇದ್ದ ಮಶೀನಿನಾಗ ನಿಮ್ಮ ಕೈ ಹೋಗ್ಲಿಲ್ಲ," ಅಂದರು ಅಕ್ಕ, ಮೆಲ್ಲಗೆ. "ಚಾಲೂ ಇದ್ದದ್ರಾಗ ಈ ಪೋರಿದು ದಿನಾ ಸಾವಿರ ಸಲ ಹೋಗ್ತದ."

ಆಮೇಲೆ ಅವರು ನನ್ನನ್ನು ನೋಡಲೇ ಇಲ್ಲ. ಶಬಾನಾಳ ಸ್ಟೂಲನ್ನು ಎಳೆದು, ಪ್ರೆಸ್ಸಿಗೆ ಬೆನ್ನು ಮಾಡಿ, ಬಾಗಿಲಿಗೆ ಎದುರಾಗಿ ಕೂತರು. ಸುದ್ದಿ ಹೋಗಿ ಶೇಟ್ ಬಂದರು.

"ಮಹಾನಂದಾಬಾಯಿ, ಹೇ ಕಾಯ್ ನಾಟಕ್ ಆಹೆ?" ಇದೇನು ನಾಟಕ ಎಂದು ಗದರಿದರು. ಇಷ್ಟು ವರ್ಷ ಈ ಪ್ರೆಸ್ಸು ಡಬ್ಬಿಯಿಲ್ಲದೇ ನಡೆದಿಲ್ಲವೇ, ಏನಾಗಿದೆ ಅಂದರು.

ಅಕ್ಕನ ಮರಾಠಿ ಬಹಳ ಸ್ವಚ್ಛ. "ನಡೆದಿದೆ ಶೇಟ್. ನನ್ನ ಬೆರಳೂ ಹೋಗುವುದಕ್ಕಿಂತ ಒಂದು ಸೆಕೆಂಡು ಮೊದಲು ನೆಟ್ಟಗೇ ಇತ್ತು."

"ಏಳು. ನಿನಗೇನು ಬೇಕು ಹೇಳು."

"ನನಗೇನೂ ಬೇಕಿಲ್ಲ. ಬೇಡ ಅನ್ನುವುದಕ್ಕೇ ಕೂತಿದ್ದೇನೆ."

ಪೊಲೀಸರನ್ನು ಕರೆಯುತ್ತೇನೆ ಅಂದರು ಶೇಟ್. ಕರೆಯಿರಿ, ಅವರಿಗೂ ಒಂದು ಗಜ್ಜರಿ ಇಟ್ಟು ತೋರಿಸುತ್ತೇನೆ ಅಂದರು ಅಕ್ಕ. ಯಾರೋ ನಕ್ಕರು. ನಗೆ ಮುಗಿಯುವ ಮೊದಲೇ ಶಬಾನಾ ಮುಂದೆ ಬಂದು ಅಕ್ಕನ ಪಕ್ಕ ನಿಂತಳು. "ಡಬ್ಬಾ ನಹೀಂ, ತೋ ಮೈಂ ಭೀ ನಹೀಂ." ಡಬ್ಬಿ ಇಲ್ಲದಿದ್ದರೆ ನಾನೂ ಇಲ್ಲ ಎಂದು ಹೇಳಿ ಕೈಯ ಗ್ಲೌಸ್ ಕಳಚಿ ನೆಲದ ಮೇಲಿಟ್ಟಳು. ಐದನೇ ಪ್ರೆಸ್ ನಿಂತಿತು. ಆಮೇಲೆ ಎರಡನೆಯದು. ನೋಡನೋಡುತ್ತ ಆರೂ ನಿಂತವು. ಆ ಕಾರ್ಖಾನೆಯಲ್ಲಿ ಹಗಲು ಹೊತ್ತಿನಲ್ಲಿ ಫ್ಯಾನಿನ ಸದ್ದು ಕೇಳಿದ್ದು ನನಗೆ ಅದೇ ಮೊದಲು.

ಶೇಟ್ ಆಫೀಸಿಗೆ ಹೋಗಿ ಮತ್ತೆ ಬಂದರು. ಕೊನೆಗೆ ಯಾರ ಮುಖವನ್ನೂ ನೋಡದೆ, ಡಬ್ಬಿ ಇರಲಿ, ಕೆಲಸ ಶುರು ಮಾಡಿ ಎಂದು ಹೇಳಿ ಹೋದರು. ಅಕ್ಕ ಎದ್ದು, ನನ್ನ ಬೂಟಿನ ಹತ್ತಿರ ಬಿದ್ದಿದ್ದ ಅರ್ಧ ಪಟ್ಟಿಯನ್ನೇ ಎತ್ತಿಕೊಂಡು, ಬೆಳಕಿಗೆ ಅಡ್ಡ ಹಿಡಿದು, ಮೇನ್ ಹಾಕಿ, ಪೆಡಲ್ ಒತ್ತಿ ನೋಡಿದರು. ಪ್ರೆಸ್ ಸುಮ್ಮನಿತ್ತು. ಆಮೇಲಷ್ಟೇ ಶಬಾನಾಳಿಗೆ ಸ್ಟೂಲು ಬಿಟ್ಟುಕೊಟ್ಟರು.

ದೀಪಾವಳಿ ಮುಗಿದ ಮೇಲೆ, ಸ್ಟೋರನ್ನು ಆಫೀಸಿನ ಗುಮಾಸ್ತರೇ ನೋಡಿಕೊಳ್ಳುತ್ತಾರೆ ಎಂಬ ಕಾರಣ ಕೊಟ್ಟು ಅಕ್ಕನನ್ನು ಕೆಲಸದಿಂದ ಬಿಡಿಸಿದರು. ನಾವೆಲ್ಲ ಮಾತಾಡುತ್ತೇವೆ ಅಂದೆವು. ಅವರು ಬೇಡ ಅಂದರು. "ಇವತ್ತ ನನ್ನ ಸಲುವಾಗಿ ಮಶೀನ್ ಬಂದ್ ಮಾಡಿದ್ರ ನಾಳೆ ಕೈ ಸಲುವಾಗಿ ಬಂದ್ ಮಾಡ್ಲಿಕ್ಕ ತ್ರಾಣ ಇರಂಗಿಲ್ಲ. ಅದನ್ನ ಉಳಿಸ್ಕೋರಿ." ಡಬ್ಬಿಯನ್ನು ಒಯ್ಯುತ್ತಾರೆ ಅಂದುಕೊಂಡಿದ್ದೆ, ಅದು ಅವರದೇ. ಒಯ್ಯಲಿಲ್ಲ. "ಡಬ್ಬಿ ನಂದು ಖರೆ. ಕೈ ಶಬಾನಾಂದು ಅದಲ್ಲಾ." ಆ ದಿನದ ನಂತರ ನನ್ನ ಜೊತೆ ಕೆಲಸದ ಮಾತಷ್ಟೇ ಆಡಿದ್ದ ಅಕ್ಕ, ಹೋಗುವಾಗ ನನ್ನ ಹತ್ತಿರ ಬಂದು ಒಂದು ಹೊಸ ಕಟ್ಟಿಗೆಯ ಪಟ್ಟಿ ಕೊಟ್ಟರು. "ದಿನಾ ಮುಂಜಾನಿ ಇಟ್ಟು ನೋಡ್ರಿ. ನಿಮಗ ಇದೇ ಶಿಕ್ಷಾ."

ಶಿಕ್ಷೆಯನ್ನು ಅನುಭವಿಸಿದೆ. ಮಾರ್ಚಿನಲ್ಲಿ ಶೇಟ್ ಮತ್ತೆ ಕರೆದು, ಹದಿನೈದೇ ದಿನ ಅಂದರು. "ಬರೆದು, ನಿಮ್ಮ ಸಹಿ ಹಾಕಿ ಕೊಡಿ, ಮಾಡುತ್ತೇನೆ," ಅಂದೆ. ಕಾಗದ ಬರಲಿಲ್ಲ. ಮುಂದಿನ ವರ್ಷ ಆರೂ ಪ್ರೆಸ್ಸಿಗೆ ಕಂಪನಿಯ ಸಾಮಾನು ಬಂತು. ಮಾಲು ಕೊಳ್ಳುವವರು ತಪಾಸಣೆಗೆ ಬಂದು ಒತ್ತಾಯ ಮಾಡಿದ್ದರಿಂದ ಬಂತು, ನಮ್ಮಿಂದಲ್ಲ. ಆದರೆ ಅದು ಬರುವವರೆಗೆ ನಾಲ್ಕನೇ ಪ್ರೆಸ್ಸಿನ ಮುಂದೆ ಹತ್ತು ಬೆರಳು ಹತ್ತಾಗಿಯೇ ಉಳಿದಿದ್ದವು.

ಅಷ್ಟರಲ್ಲಿ ಸುಷ್ಮಾಳಿಗೆ ಸಂಭಾಜಿನಗರದಲ್ಲಿ ನೌಕರಿ ಸಿಕ್ಕಿ, ಅಕ್ಕ ಮನೆಯವರೊಂದಿಗೆ ಅಲ್ಲಿಗೆ ಹೋದರು. ಆ ಊರಿನ ಚಿಕಲಠಾಣಾ ಬಡಾವಣೆಯ ಒಂದು ಲೇತ್ ಅಂಗಡಿಯ ಹಿಂದೆ ತಗಡಿನ ಶೆಡ್ಡಿನಲ್ಲಿ ಕೂತು, ಸುತ್ತಲಿನ ಸಣ್ಣ ಕಾರ್ಖಾನೆಗಳ ಹಳೆಯ ಪ್ರೆಸ್ಸುಗಳಿಗೆ ಡಬ್ಬಿ ಮಾಡಿಕೊಡತೊಡಗಿದರು. ಫೋನಿನಲ್ಲಿ ನನ್ನನ್ನು ಮತ್ತೆ ಬೈಯಲು ಶುರು ಮಾಡಿದ್ದರಿಂದ ಕ್ಷಮಿಸಿದ್ದಾರೆಂದು ತಿಳಿದೆ.

ಹೋದ ವರ್ಷ ಅವರು ತೀರಿಕೊಂಡರು. ಕೆಲಸ ಮಾಡುತ್ತಲೇ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಮಣ್ಣಿಗೆ ಹೋದಾಗ ಅಲ್ಲಿ ನಿಂತಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ಅವರ ಸಂಬಂಧಿಕರಲ್ಲ, ಕಾರ್ಖಾನೆಯ ಅಂಗಿಯಲ್ಲೇ ಬಂದವರು. ನಾನು ಅವರನ್ನು ಕೊನೆಯ ಸಲ ಜೀವಂತ ನೋಡಿದ್ದು ಅದಕ್ಕೆ ಎರಡು ತಿಂಗಳ ಹಿಂದೆ. ಆ ದಿನದ್ದು ಹೇಳಿ ಮುಗಿಸುತ್ತೇನೆ.

ನಾನು ಹೋದಾಗ ಶೆಡ್ಡಿನಲ್ಲಿ ಒಬ್ಬ ಕಾರ್ಖಾನೆದಾರ ಕೂತಿದ್ದ. ಎಂಟು ಡಬ್ಬಿ ಬೇಕು, ಆದರೆ ಪಕ್ಕದಲ್ಲಿ ಒಂದು ಕೀಲಿ ಇರಲಿ, ಅವಸರವಿದ್ದಾಗ ತಿರುಗಿಸಿ ಆಫ್ ಮಾಡುವಂತಿರಬೇಕು ಅಂದ. ಬೆಸುಗೆ ಹಾಕುತ್ತಿದ್ದ ಅಕ್ಕ ಕಣ್ಣನ್ನು ಮೇಲೆತ್ತಲೇ ಇಲ್ಲ. "ಕೀಲಿ ಇರುವ ಡಬ್ಬಿ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಅದರಲ್ಲಿ ಬಂಗಾರ ಇಡಿ," ಅಂದರು. ಅವನು ಎದ್ದು ಹೋದ. ಎಂಟು ಡಬ್ಬಿ ಅವರಿಗೆ ಮೂರು ತಿಂಗಳ ಕೆಲಸ. ನಾನು ಏನೋ ಹೇಳಹೋದೆ. "ಹೋಗ್ಲಿ ಬಿಡ್ರಿ. ಚಾ ಕುಡೀರಿ," ಅಂದರು.

ಸಂಜೆ ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿನವರೆಗೆ ಬಂದರು. ಬೇಡವೆಂದರೂ ಕೇಳಲಿಲ್ಲ. ನಾಸಿಕದ ಬಸ್ಸು ತುಂಬಿತ್ತು, ನನಗೆ ಮುಂದಿನ ಸೀಟು ಸಿಕ್ಕಿತು. ಕಂಡಕ್ಟರ್ ಗಂಟೆ ಹೊಡೆದ, ಡ್ರೈವರ್ ಗೇರು ಹಾಕಿದ. ಅಷ್ಟರಲ್ಲಿ ಒಬ್ಬ ಮುದುಕ ಓಡುತ್ತಾ ಬಂದು, ತಲೆಯ ಮೇಲೆ ಜೋಳದ ಚೀಲ ಹೊತ್ತು, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ. ಇನ್ನೊಂದು ಕಾಲು ನೆಲದ ಮೇಲೆ. ಬಸ್ಸು ಜರುಗಿತು, ಮುದುಕ ಕುಂಟುತ್ತಾ ಜೊತೆಗೇ ಕಾಲೆಳೆದುಕೊಂಡು ಬಂದ.

ಅಕ್ಕ ಬಸ್ಸಿನ ಮುಂದೆ ಬಂದು ನಿಂತರು. ಕೂಗಲಿಲ್ಲ, ಕೈ ಬೀಸಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಜಿನ ಎದುರಿಗೆ, ಬಂಪರಿಗೆ ಒಂದು ಮೊಳ ದೂರದಲ್ಲಿ ನಿಂತರು. ಡ್ರೈವರ್ ಬ್ರೇಕ್ ಒತ್ತಿದ, ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು. "ಓ ಮಾವ್ಶಿ, ಬಾಜೂಲಾ ವ್ಹಾ!" ಪಕ್ಕಕ್ಕೆ ಸರಿ ಎಂದು ಅವನು ಕಿರುಚಿ ಹಾರ್ನ್ ಮೇಲೆ ಕೈ ಒತ್ತಿದ. ಹಿಂದಿನ ಬಸ್ಸುಗಳೂ ಹಾರ್ನ್ ಹೊಡೆದವು. ಅವರು ಡ್ರೈವರನ ಕಡೆ ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದರು. ಮುದುಕ ಎರಡನೇ ಕಾಲೆತ್ತಿ ಇಟ್ಟ. ಚೀಲ ಇಳಿಸಿದ. ಯಾರೋ ಸರಿದು ಜಾಗ ಕೊಟ್ಟರು. ಕೂತ.

ಆಗ ಅಕ್ಕ ಪಕ್ಕಕ್ಕೆ ಸರಿದರು. ಬಸ್ಸು ಅವರನ್ನು ದಾಟುವಾಗ ನಾನು ಕೈ ಬೀಸಿದೆ. ನೋಡಿದರೋ ಇಲ್ಲವೋ. ಅವರಾಗಲೇ ಆ ಕಡೆ ತಿರುಗಿ, ಹಿಂದಿನ ಬಸ್ಸಿನ ಡ್ರೈವರ್ ಇನ್ನೂ ಹಾರ್ನ್ ಹೊಡೆಯುತ್ತಿದ್ದನಲ್ಲ, ಅವನ ಕಿಟಕಿಯ ಕಡೆಗೆ ನಡೆಯುತ್ತಿದ್ದರು.